ತಳಂಗರೆಯ 177, ಸುರತ್ಕಲ್‌ನ 34

ಆತ್ಮೀಯ ಓದುಗರೇ,

ಈ ಸಲ ಕ್ರೀಡಾ ಪುಟಕ್ಕೆ ಜಾಗ ಸಾಲಲಿಲ್ಲ. 2025ರ ಫೆಬ್ರವರಿ ಎರಡನೇ ವಾರದಿಂದ ಮಾರ್ಚ್ 9ರವರೆಗೆ ಅಷ್ಟು ಸುದ್ದಿ ಬಂದಿದೆ. ಭಾರತ ಇಲ್ಲೇ ದುಬೈಯಲ್ಲಿ ಚಾಂಪಿಯನ್ಸ್ ಟ್ರೋಫಿ ಗೆದ್ದದ್ದು ಎಲ್ಲರಿಗೂ ಗೊತ್ತು. ಆದರೆ ಕಾಸರಗೋಡಿನವರಾದ ನಾವು ಮೊದಲು ಮಾತಾಡಬೇಕಾದದ್ದು ಅಹಮದಾಬಾದಿನ ಒಂದು ಪಂದ್ಯದ ಬಗ್ಗೆ.

ರಣಜಿ ಟ್ರೋಫಿ ಸೆಮಿಫೈನಲ್. ಕೇರಳ ಮತ್ತು ಗುಜರಾತ್. ನಮ್ಮ ಕಾಸರಗೋಡು ಪೇಟೆಯ ತಳಂಗರೆಯವರಾದ ಮೊಹಮ್ಮದ್ ಅಜರುದ್ದೀನ್ ಕೇರಳದ ಪರ ಔಟಾಗದೆ 177 ರನ್ ಹೊಡೆದರು. 341 ಎಸೆತ ಎದುರಿಸಿದರು. ಇದೇ ಹುಡುಗ 2021ರಲ್ಲಿ ವಾಂಖೆಡೆಯಲ್ಲಿ ಮುಂಬೈ ವಿರುದ್ಧ ಟಿ20 ಪಂದ್ಯದಲ್ಲಿ 54 ಎಸೆತಕ್ಕೆ 137 ಬಾರಿಸಿದ್ದು ನೆನಪಿದೆಯಲ್ವಾ? ಆ ಬಿರುಸು ಗೊತ್ತಿದ್ದವರಿಗೆ ಈ ತಾಳ್ಮೆ ಇನ್ನೂ ದೊಡ್ಡದಾಗಿ ಕಾಣುತ್ತದೆ. ಇವರು ಹುಟ್ಟಿದಾಗ ಭಾರತ ತಂಡದ ನಾಯಕರಾಗಿದ್ದ ಅಜರುದ್ದೀನ್ ಮೇಲಿನ ಅಭಿಮಾನದಿಂದ ಅಣ್ಣನೇ ಹಟ ಹಿಡಿದು ಇಟ್ಟ ಹೆಸರಂತೆ ಅದು.

ಕೇರಳ ಮೊದಲ ಇನ್ನಿಂಗ್ಸ್‌ನಲ್ಲಿ 457 ಮಾಡಿತು. ಪಂದ್ಯ ಡ್ರಾ ಆದರೆ ಮೊದಲ ಇನ್ನಿಂಗ್ಸ್‌ನಲ್ಲಿ ಮುನ್ನಡೆ ಪಡೆದ ತಂಡವೇ ಮುಂದೆ ಹೋಗುವುದು. ಕೊನೇ ದಿನ ಗುಜರಾತಿಗೆ ಮುನ್ನಡೆ ಬೇಕಾದರೆ 29 ರನ್ ಸಾಕಿತ್ತು, ಮೂರು ವಿಕೆಟ್ ಉಳಿದಿತ್ತು. ಒಂದೊಂದೇ ರನ್ ಸೇರುತ್ತಾ 455ಕ್ಕೆ ಬಂದರು, ಉಳಿದದ್ದು ಒಂದೇ ವಿಕೆಟ್. ಆಗ ಗುಜರಾತಿನ ನಾಗವಾಸ್‌ವಾಲಾ ಬೀಸಿ ಹೊಡೆದ ಚೆಂಡು ಹತ್ತಿರದಲ್ಲೇ ನಿಂತಿದ್ದ ಕೇರಳದ ಸಲ್ಮಾನ್ ನಿಜಾರ್ ಅವರ ಹೆಲ್ಮೆಟ್‌ಗೆ ಬಡಿದು ಮೇಲೆ ಹಾರಿತು. ಸ್ಲಿಪ್‌ನಲ್ಲಿದ್ದ ನಾಯಕ ಸಚಿನ್ ಬೇಬಿ ಹಿಡಿದರು. ಎರಡು ರನ್ನಿನ ಮುನ್ನಡೆ. ಕೇರಳ ಮೊದಲ ಬಾರಿಗೆ ರಣಜಿ ಫೈನಲ್ ತಲುಪಿತು. ಕ್ವಾರ್ಟರ್ ಫೈನಲ್‌ನಲ್ಲಿ ಜಮ್ಮು–ಕಾಶ್ಮೀರದ ವಿರುದ್ಧ ಸಿಕ್ಕಿದ್ದು ಬರೀ ಒಂದು ರನ್ನಿನ ಮುನ್ನಡೆ. ಆ ಪಂದ್ಯ ಉಳಿಸಲು ಕೊನೆಯ ದಿನ ನಿಜಾರ್ ಜೊತೆ ಗಟ್ಟಿಯಾಗಿ ನಿಂತದ್ದೂ ನಮ್ಮ ಅಜರುದ್ದೀನ್. ಆವತ್ತು 67, ಔಟಾಗಲಿಲ್ಲ.

'ನಮ್ಮ' ಎಂದು ಬೇಕೆಂದೇ ಬರೆದಿದ್ದೇನೆ. ಕಾಸರಗೋಡಿನ ಕನ್ನಡ ಮನೆಗಳಲ್ಲಿ ರಣಜಿ ಎಂದರೆ ಕರ್ನಾಟಕ. ವಿಶ್ವನಾಥ್, ಪ್ರಸನ್ನ, ಚಂದ್ರಶೇಖರ್ ಆಡುತ್ತಿದ್ದ ದಿನಗಳಿಂದ ಬಂದ ಅಭ್ಯಾಸ. ಅನಿಲ್ ಕುಂಬ್ಳೆ ಬಂದ ಮೇಲಂತೂ ನಮ್ಮ ಕುಂಬಳೆ ಊರ ಹೆಸರೇ ಸ್ಕೋರ್‌ಬೋರ್ಡ್ ಏರಿತು. 1956ರಲ್ಲಿ ಗಡಿ ಎಳೆದು ಕಾಸರಗೋಡನ್ನು ಕೇರಳಕ್ಕೆ ಸೇರಿಸಿದರೂ ರೇಡಿಯೋ ಕಿವಿಗೆ ಹಿಡಿದವರ ಮನಸ್ಸು ಬದಲಾಗಲಿಲ್ಲ. ಈ ಸಲ ಕರ್ನಾಟಕ, ಕೇರಳ ಎರಡೂ ಒಂದೇ ಗುಂಪಿನಲ್ಲಿದ್ದವು. ಆಲೂರಿನ ಪಂದ್ಯವನ್ನು ಮಳೆ ನುಂಗಿತು. ಕೊನೆಗೆ ಕೇರಳ ನಾಕೌಟ್‌ಗೆ ಹೋಯಿತು, ಕರ್ನಾಟಕ ಹೋಗಲಿಲ್ಲ. ಕರ್ನಾಟಕ ಹೊರಬಿದ್ದದ್ದಕ್ಕೆ ನನಗೂ ಬೇಜಾರಾಗಿದೆ. ಹಾಗೆಂದು ತಳಂಗರೆಯ ಹುಡುಗನ ಇನ್ನಿಂಗ್ಸನ್ನು 'ಅವರ ತಂಡದ್ದು' ಎಂದು ಬದಿಗೆ ಸರಿಸಲು ನಮ್ಮಿಂದಾಗದು. ಅವರು ಆಡಿ ಬೆಳೆದ ಪೇಟೆ ನಮ್ಮದೂ ಹೌದು.

ಫೈನಲ್ ನಾಗಪುರದಲ್ಲಿ ನಡೆಯಿತು. ವಿದರ್ಭ 379, ಕೇರಳ 342. ಸಚಿನ್ ಬೇಬಿ 98ಕ್ಕೆ ಔಟಾದದ್ದು ಈಗಲೂ ಮನಸ್ಸಿಗೆ ನಾಟುತ್ತದೆ. ಪಂದ್ಯ ಡ್ರಾ ಆಯಿತು, 37 ರನ್ನಿನ ಮುನ್ನಡೆಯ ಬಲದಲ್ಲಿ ವಿದರ್ಭಕ್ಕೆ ಕಪ್. ಅಲ್ಲಿ ಕೇರಳಕ್ಕೆ ಅಡ್ಡ ನಿಂತವರು ಯಾರು ಗೊತ್ತೇ? ಕರುಣ್ ನಾಯರ್. ಕರ್ನಾಟಕದಲ್ಲೇ ಬೆಳೆದು, ಟೆಸ್ಟ್‌ನಲ್ಲಿ 303 ಹೊಡೆದು, ಆಗ ವಿದರ್ಭಕ್ಕೆ ಆಡುತ್ತಿದ್ದವರು. 86 ಮತ್ತು 135. ಆ ನೂರಕ್ಕೆ ಚಪ್ಪಾಳೆ ತಟ್ಟದೆ ಇರುವುದು ಹೇಗೆ, ಹೇಳಿ.

ಇನ್ನು ದುಬೈ. ಫೆಬ್ರವರಿ 23ರಂದು ಪಾಕಿಸ್ತಾನದ ವಿರುದ್ಧ ಕೊಹ್ಲಿ ಶತಕ. ಮಾರ್ಚ್ 4ರಂದು ಆಸ್ಟ್ರೇಲಿಯ ವಿರುದ್ಧ ಸೆಮಿಫೈನಲ್, ಕೆ.ಎಲ್. ರಾಹುಲ್ ಸಿಕ್ಸರ್ ಎತ್ತಿ ಮುಗಿಸಿದರು. ಮಾರ್ಚ್ 9ರ ಫೈನಲ್‌ನಲ್ಲಿ ನ್ಯೂಜಿಲೆಂಡ್ 251. ರೋಹಿತ್ 76 ಹೊಡೆದು ಹೋದ ಮೇಲೆ ವಿಕೆಟ್ ಬೀಳುತ್ತಾ ಹೋಯಿತು. ರಾಹುಲ್ ಮತ್ತೆ ಕೊನೆವರೆಗೆ ನಿಂತರು, 34. ಒಂದು ಓವರ್ ಉಳಿದಿರುವಾಗ ಗೆಲುವು. ರಮ್ಜಾನ್ ತಿಂಗಳಾದ್ದರಿಂದ ಇಲ್ಲಿನ ನಮ್ಮ ಗೆಳೆಯರು ಉಪವಾಸ ಬಿಟ್ಟು ಬಂದು ಕೊನೆಯ ಓವರುಗಳನ್ನು ನೋಡಿದರು. ರಾಹುಲ್ ಮಂಗಳೂರು ಬಳಿಯ ಸುರತ್ಕಲ್‌ನಲ್ಲಿ ಬೆಳೆದವರು, ಕಾಸರಗೋಡಿನಿಂದ ಹೊರಟು ಗಡಿಯ ತಲಪಾಡಿ ದಾಟಿದರೆ ಅರ್ಧ ದಾರಿ ಮುಗಿದ ಹಾಗೆ. ಆರನೇ ಕ್ರಮಾಂಕದ ಆಟಕ್ಕೆ ದೊಡ್ಡ ಸ್ಕೋರಿನ ಹೊಳಪು ಇರುವುದಿಲ್ಲ. ಆದರೂ ಈ ಟೂರ್ನಿಯಲ್ಲಿ ನನಗೆ ಜಾಸ್ತಿ ಹಿಡಿಸಿದ ಬ್ಯಾಟಿಂಗ್ ಅವರದೇ.

ಉತ್ತರಾಖಂಡದ ರಾಷ್ಟ್ರೀಯ ಕ್ರೀಡಾಕೂಟ ಫೆಬ್ರವರಿ 14ಕ್ಕೆ ಮುಗಿಯಿತು. ಸೇನಾಪಡೆಗಳ ತಂಡ ಸರ್ವಿಸಸ್ ಮೊದಲು, ಕರ್ನಾಟಕ 34 ಚಿನ್ನದೊಂದಿಗೆ ಐದನೆಯದು. ಈಜಿನಲ್ಲಿ 14ರ ಹುಡುಗಿ ಧಿನಿಧಿ ದೇಸಿಂಗು ಒಬ್ಬಳೇ ಒಂಬತ್ತು ಚಿನ್ನ ತಂದಳು, ಶ್ರೀಹರಿ ನಟರಾಜ್ ಇನ್ನೊಂಬತ್ತು. ಫುಟ್ಬಾಲ್‌ನಲ್ಲಿ ಮೋಹನ್ ಬಾಗಾನ್ ಇಂಡಿಯನ್ ಸೂಪರ್ ಲೀಗ್‌ನ (ಐಎಸ್ಎಲ್) ಅಗ್ರಸ್ಥಾನಕ್ಕೆ ಕೊಡುವ ಶೀಲ್ಡ್ ಉಳಿಸಿಕೊಂಡಿತು.

ಫೆಬ್ರವರಿಯಲ್ಲೇ ಸುನಿಲ್ ಗಾವಸ್ಕರ್ ಕಾಸರಗೋಡಿಗೆ ಬಂದಿದ್ದರು. ನಗರಸಭೆಯ ಸ್ಟೇಡಿಯಂ ರಸ್ತೆಗೆ ಅವರ ಹೆಸರಿಟ್ಟಿದ್ದಾರೆ. ಸಂತೋಷದ ವಿಷಯ. ಇದರ ಜೊತೆಗೆ ಬದಿಯಡ್ಕ ಹತ್ತಿರದ ಮಾನ್ಯದ ಕ್ರಿಕೆಟ್ ಮೈದಾನದ ಕಡೆಗೂ ನಮ್ಮ ಗಮನ ಹೋಗಬೇಕು. ಸುತ್ತಮುತ್ತ ಕನ್ನಡ ಶಾಲೆಗಳಿವೆ. ಆ ಮಕ್ಕಳು ಅಲ್ಲಿಗೆ ಅಭ್ಯಾಸಕ್ಕೆ ಹೋಗಲು ಬೇಕಾದದ್ದು ಬಸ್ಸಿನ ಖರ್ಚು, ಒಂದು ಜೊತೆ ಶೂ, ಒಂದು ಕಿಟ್. ಜಿಲ್ಲಾ ಮಟ್ಟದ ಆಯ್ಕೆ ಎಂದು, ಎಲ್ಲಿ ಎಂಬುದನ್ನು ಅವರಿಗೆ ಹೇಳುವವರೂ ಬೇಕು. ಇಲ್ಲಿ ದುಡಿಯುವ ನಮಗೆ ಇದು ದೊಡ್ಡ ಹೊರೆಯಲ್ಲ.

ಹಾಗಾಗಿ ಒಂದು ಕೋರಿಕೆ. ಬೇಸಿಗೆ ರಜೆಗೆ ಊರಿಗೆ ಹೋಗುವವರು ನಿಮ್ಮ ಊರಿನ ಶಾಲೆಗೆ ಒಮ್ಮೆ ಹೋಗಿ ಬನ್ನಿ. ಚೆನ್ನಾಗಿ ಆಡುವ ಹುಡುಗ ಹುಡುಗಿಯರು ಯಾರು, ಏನು ಬೇಕು ಎಂದು ಶಿಕ್ಷಕರನ್ನು ಕೇಳಿ. ಕ್ರಿಕೆಟ್ಟೇ ಆಗಬೇಕೆಂದಿಲ್ಲ, ಕಬಡ್ಡಿಯಾದರೂ ಸರಿ, ವಾಲಿಬಾಲ್ ಆದರೂ ಸರಿ. ವಾಪಸ್ ಬಂದ ಮೇಲೆ ನಮಗೆ ಬರೆದು ಕಳಿಸಿ. ಜೂನ್ ಸಂಚಿಕೆಯಲ್ಲಿ ಅದಕ್ಕೆಂದೇ ಎರಡು ಪುಟ ಇಟ್ಟಿದ್ದೇನೆ.

— ಸಂಪಾದಕ