ಗರಗಸಕ್ಕಿಂತ ಮೊದಲು ಬಾಟಿ: ಶಾಲಾ ಶಿಕ್ಷಣ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಲಾ ಶಿಕ್ಷಣ ಮತ್ತು ಸಾಕ್ಷರತಾ ಸಚಿವರಿಗೆ,

ನಮಸ್ಕಾರ.

ಸರ್ಕಾರಿ ಶಾಲೆಯ ಕೆಳ ತರಗತಿಗಳಲ್ಲಿ ಕಾರ್ಡು, ಚಟುವಟಿಕೆಗಳ ಮೂಲಕ ಹಂತ ಹಂತವಾಗಿ ಕಲಿಸುವ ನಮ್ಮ ನಲಿಕಲಿ ತರಗತಿಯಲ್ಲಿ ಮಗು ಮೊದಲು ಕಲಿಯುವ ಅಕ್ಷರಗಳು ರ, ಗ, ಸ, ದ, ಅ. ವರ್ಣಮಾಲೆಯ ಕ್ರಮವನ್ನು ಪಕ್ಕಕ್ಕಿಟ್ಟು, ಬರೆಯಲು ಸುಲಭವಾದ, ಕೂಡಲೇ ಪದ ಕಟ್ಟಲು ಒದಗುವ ಅಕ್ಷರಗಳನ್ನು ಮುಂದೆ ತಂದದ್ದು ಜಾಣ ಕೆಲಸ. ಐದೇ ಅಕ್ಷರಗಳಲ್ಲಿ ಸರ, ಅರಸ, ಅಗಸ, ಗರಗಸ ಎಲ್ಲವೂ ಬಂದುಬಿಡುತ್ತವೆ. ಕನ್ನಡ ಮಾತಾಡುವ ಮನೆಯ ಮಗು ಇವನ್ನು ಓದಿದಾಗ ಕಿವಿಗೆ ಪರಿಚಯದ ಮಾತೊಂದು ಕಾಗದದ ಮೇಲೆ ಸಿಕ್ಕ ಖುಷಿ ಅದಕ್ಕಿರುತ್ತದೆ. ವಿಜಯಪುರ, ಕಲಬುರಗಿ, ಯಾದಗಿರಿ, ದಾವಣಗೆರೆಯ ತಾಂಡಾಗಳಿಂದ, ಅಂದರೆ ಲಂಬಾಣಿ ಜನರ ಹಟ್ಟಿಗಳಿಂದ, ಬರುವ ಆರು ವರ್ಷದ ಮಗುವಿಗೆ ಆ ಖುಷಿ ಇಲ್ಲ. ಅದರ ಬಾಯಲ್ಲಿರುವುದು ಲಂಬಾಣಿಯ ಯಾಡಿ, ಬಾಟಿ, ಪಾಣಿ, ಘರ: ಅಮ್ಮ, ರೊಟ್ಟಿ, ನೀರು, ಮನೆ. ಕೆಲವೇ ತಿಂಗಳಲ್ಲಿ ಅದೂ ಗರಗಸ ಎಂದು ತಪ್ಪಿಲ್ಲದೆ ಓದುತ್ತದೆ, ದುಂಡಗೆ ಬರೆಯುತ್ತದೆ, ಮೈಲಿಗಲ್ಲು ಎಂಬ ಕಲಿಕೆಯ ಹಂತ ದಾಟಿದ ಗುರುತೂ ಬೀಳುತ್ತದೆ. ಓದಿದ್ದು ಏನೆಂದು ಮಾತ್ರ ಗೊತ್ತಿರುವುದಿಲ್ಲ. ನಾಲ್ಕನೇ ತರಗತಿಗೆ ಬಂದು ಪರಿಸರ ಅಧ್ಯಯನದ ಪಾಠ ತೆರೆದಾಗ ಈ ಸಾಲ ಬಡ್ಡಿ ಸಮೇತ ಎದುರಿಗೆ ನಿಲ್ಲುತ್ತದೆ.

ಕನ್ನಡ ಬೇಡ ಎನ್ನುವ ಪತ್ರ ಇದಲ್ಲ. ತಾಂಡಾದ ಮಗು ಕನ್ನಡವನ್ನು ಅರ್ಥವಾಗಿ, ಗಟ್ಟಿಯಾಗಿ ಕಲಿಯಬೇಕಾದರೆ ಮೊದಲ ಎರಡು ವರ್ಷ ಅದರ ಮನೆಮಾತು ತರಗತಿಯೊಳಗೆ ಬರಬೇಕು ಎಂಬುದಷ್ಟೇ ನಮ್ಮ ಮಾತು. ಕಾನೂನಿನ ಬಲ ಹೊಸದಾಗಿ ಹುಡುಕಬೇಕಿಲ್ಲ. ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸುವ ಸೌಲಭ್ಯವಿರಲಿ ಎನ್ನುವ ಸಂವಿಧಾನದ 350ಎ ವಿಧಿ 1956ರಿಂದ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೇ ಸೆಕ್ಷನ್ ಬೋಧನಾ ಮಾಧ್ಯಮ ಸಾಧ್ಯವಾದಷ್ಟೂ ಮಗುವಿನ ಮಾತೃಭಾಷೆಯಾಗಿರಲಿ ಎನ್ನುತ್ತದೆ. ಉರ್ದು, ಮರಾಠಿ, ತೆಲುಗು, ತಮಿಳು ಮಾಧ್ಯಮದ ಸರ್ಕಾರಿ ಶಾಲೆಗಳನ್ನು ನಮ್ಮ ರಾಜ್ಯ ನಡೆಸಿಕೊಂಡೇ ಬಂದಿದೆ. ಹೊರಗುಳಿದದ್ದು ಪಕ್ಕದ ರಾಜ್ಯದಲ್ಲಿ ಆಸರೆಯಿಲ್ಲದ ಮಾತುಗಳು: ಲಂಬಾಣಿ, ತುಳು, ಕೊಡವ, ಬ್ಯಾರಿ, ಸೋಲಿಗ, ಜೇನುಕುರುಬ. ತುಳುವಿಗೆ ಆರನೇ ತರಗತಿಯಿಂದ ಐಚ್ಛಿಕ ತೃತೀಯ ಭಾಷೆಯ ಸ್ಥಾನ ಸಿಕ್ಕಿದೆ, ಸಂತೋಷ. ಆದರೆ ಮೂರು ವರ್ಷಕ್ಕೇ ಬಂದ ಮಾತನ್ನು ಹನ್ನೊಂದನೇ ವರ್ಷಕ್ಕೆ ಶಾಲೆಗೆ ತರುವುದು ಊಟ ಮುಗಿದ ಮೇಲೆ ಎಲೆ ಹಾಕಿದಂತೆ.

ಎಲ್ಲ ಭಾಷೆಗಳಲ್ಲೂ ಒಟ್ಟಿಗೆ ಶುರು ಮಾಡಿ ಎಂದು ನಾವು ಕೇಳುವುದಿಲ್ಲ. ಲಂಬಾಣಿಯಿಂದ ಆರಂಭಿಸಿ. ತಾಂಡಾ ಶಾಲೆಯಲ್ಲಿ ಬಹುತೇಕ ಮಕ್ಕಳ ಮನೆಮಾತು ಒಂದೇ. ನೆರೆಯ ಆಂಧ್ರಪ್ರದೇಶವು ಎರಡು ದಶಕದ ಹಿಂದೆಯೇ ಎಂಟು ಭಾಷೆಗಳಲ್ಲಿ ಇಂಥ ಕಾರ್ಯಕ್ರಮ ಆರಂಭಿಸಿದಾಗ ಅದರಲ್ಲಿ ಬಂಜಾರವೂ (ಲಂಬಾಣಿಯ ಇನ್ನೊಂದು ಹೆಸರು) ಒಂದಾಗಿತ್ತು, ತೆಲುಗು ಲಿಪಿಯಲ್ಲಿ. ನಮ್ಮ ಲಿಪಿಗೂ ಅವರ ಲಿಪಿಗೂ ಇರುವ ಅಂತರ ಎಷ್ಟೆಂದು ತಮಗೆ ಹೇಳಬೇಕಿಲ್ಲ.

ಮೊದಲ ಕೆಲಸ ಎಣಿಕೆ. 2011ರ ಜನಗಣತಿಯನ್ನು ನಂಬಿ ಹೊರಟರೆ ದಾರಿ ತಪ್ಪುತ್ತದೆ; ಅಲ್ಲಿ ದೇಶದ 32 ಲಕ್ಷಕ್ಕೂ ಹೆಚ್ಚು ಲಂಬಾಣಿ ಮಾತುಗಾರರನ್ನು ಹಿಂದಿಯ ಅಡಿಯಲ್ಲಿ ಸೇರಿಸಲಾಗಿದೆ. ಶಾಲೆಯ ದಾಖಲಾತಿ ಪುಸ್ತಕದ 'ಮಾತೃಭಾಷೆ' ಕಾಲಮ್ಮಿನದೂ ಇದೇ ಕಥೆ. ಮಾಧ್ಯಮ ಕನ್ನಡ, ಆದ್ದರಿಂದ ಮಾತೃಭಾಷೆಯೂ ಕನ್ನಡ ಎಂದು ಪೆನ್ನು ತಾನಾಗಿ ಬರೆದುಬಿಡುತ್ತದೆ. 'ನಿಮ್ಮ ಮಾತೃಭಾಷೆ ಯಾವುದು' ಎಂದು ಕೇಳಿದರೆ ತಂದೆತಾಯಿಯೂ ಶಾಲೆ ಮೆಚ್ಚುವ ಉತ್ತರವನ್ನೇ ಕೊಡುತ್ತಾರೆ. ಬದಲಿಗೆ ಹೀಗೆ ಕೇಳಲಿ: ಅಜ್ಜಿ ಮಗುವಿನ ಜೊತೆ ಯಾವ ಮಾತಾಡುತ್ತಾರೆ? ಓಣಿಯ ಮಕ್ಕಳು ಜಗಳವಾಡುವುದು ಯಾವ ಮಾತಿನಲ್ಲಿ? 'ಆ ಬಾಗಿಲ ಹಿಂದಿನ ಚೀಲ ತಗೊಂಡು ಬಾ' ಎಂದು ಕನ್ನಡದಲ್ಲಿ ಹೇಳಿದರೆ ಮಗು ತರುತ್ತದೆಯೇ? ಶಾಲೆಯ ಶಿಕ್ಷಕರಲ್ಲಿ ಯಾರಿಗೆ ಆ ಮಾತು ಬರುತ್ತದೆ? ಕ್ಲಸ್ಟರಿನ (ಅಕ್ಕಪಕ್ಕದ ಶಾಲೆಗಳ ಗುಂಪಿನ) ಸಿಆರ್‌ಪಿಗಳು, ಅಂದರೆ ಸಂಪನ್ಮೂಲ ವ್ಯಕ್ತಿಗಳು, ಈ ನಾಲ್ಕು ಪ್ರಶ್ನೆಗಳನ್ನು ದಾಖಲಾತಿ ಆಂದೋಲನದಲ್ಲೇ ಕೇಳಬಹುದು. ಒಂದನೇ ತರಗತಿಯ ನೂರಕ್ಕೆ ತೊಂಬತ್ತು ಮಕ್ಕಳ ಮನೆಮಾತು ಒಂದೇ ಆಗಿದ್ದು, ಆ ಮಾತು ಬಲ್ಲ ಒಬ್ಬರಾದರೂ ಸಿಗುವ ಶಾಲೆಗಳನ್ನಷ್ಟೇ ಮೊದಲ ಸುತ್ತಿಗೆ ಆರಿಸಿ. ಐದಾರು ಭಾಷೆ ಬೆರೆತ ಬೆಂಗಳೂರಿನ ತರಗತಿಗಳಿಗೆ ಈ ಮಾದರಿ ಹೊಂದುವುದಿಲ್ಲ. ಅಲ್ಲಿಯ ದಾರಿಯೇ ಬೇರೆ.

ಇನ್ನು ಅಕ್ಷರದ ವಿಷಯ. ಹೆಚ್ಚಿನ ಪ್ರಯತ್ನಗಳು ಎಡವುವುದು ಇಲ್ಲೇ ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇವೆ. ಕನ್ನಡದ ಕಾರ್ಡುಗಳನ್ನು ಲಂಬಾಣಿಗೆ ಅನುವಾದಿಸಿದರೆ ಸಾಕು ಎಂಬ ಸಲಹೆ ಖಂಡಿತ ಬರುತ್ತದೆ, ದಯವಿಟ್ಟು ಒಪ್ಪಬೇಡಿ. ಕನ್ನಡದಲ್ಲಿ ಮಹಾಪ್ರಾಣಗಳು ಕೊನೆಗೆ ಬಂದರೂ ನಡೆಯುತ್ತದೆ. ಲಂಬಾಣಿಯಲ್ಲಿ ಮನೆ ಎನ್ನಲೇ ಘ ಬೇಕು. ಕಾಗುಣಿತಕ್ಕೆ ಕಾಯುತ್ತ ಕೂತರೆ ಅಮ್ಮನೂ ಇಲ್ಲ, ರೊಟ್ಟಿಯೂ ಇಲ್ಲ. ಆದ್ದರಿಂದ ಮೊದಲ ಮೈಲಿಗಲ್ಲಿಗೆ ರ, ಘ, ಬ, ಪ, ಟ, ಣ, ಡ, ಯ ಎಂಬ ಎಂಟು ಅಕ್ಷರ, ಜೊತೆಗೆ ಆಕಾರ, ಇಕಾರದ ಎರಡು ಗುರುತು ಸಾಕು. ಘರ, ಬಾಟಿ, ಪಾಣಿ, ಯಾಡಿ ನಾಲ್ಕೂ ಸಿದ್ಧ. ಇದರ ಇನ್ನೊಂದು ಲಾಭ ನೋಡಿ. ಅವೇ ಅಕ್ಷರಗಳಲ್ಲಿ ಕನ್ನಡದ ಪಟ, ಬರ, ರಾಣಿ, ಬಟಾಣಿಯೂ ಕೂಡಿಬರುತ್ತವೆ. ಲಿಪಿ ಒಂದೇ ಆದ್ದರಿಂದ ಮಗು ಓದುವುದನ್ನು ಎರಡು ಸಲ ಕಲಿಯಬೇಕಿಲ್ಲ. ಒಂದು ಭಾಷೆಯಲ್ಲಿ ಅರ್ಥವಾಗಿ ಓದಲು ಬಂದ ಮೇಲೆ ಇನ್ನೊಂದಕ್ಕೆ ಬೇಕಾದದ್ದು ಪದಗಳು ಮತ್ತು ವಾಕ್ಯದ ಬಳಕೆ ಅಷ್ಟೇ.

ಬರವಣಿಗೆಯಲ್ಲಿ ತೀರ್ಮಾನಿಸಬೇಕಾದ ಕೆಲವು ಗಂಟುಗಳಿವೆ. ಬಾಯಲ್ಲಿ 'ಘರ್' ಎಂದೇ ನಿಲ್ಲುವ ಪದವನ್ನು ಘರ ಎಂದು ಬರೆಯಬೇಕೋ ಘರ್ ಎಂದೋ? ಆರು ವರ್ಷದ ಮಗುವಿಗೆ ಅರ್ಧಾಕ್ಷರದ ಗುರುತು ತೊಡಕು, ಆದ್ದರಿಂದ ಮೊದಲ ವರ್ಷ ಘರ ಸಾಕು ಎಂಬುದು ನಮ್ಮ ಅಭಿಪ್ರಾಯ. ಶಿವಮೊಗ್ಗ ಕಡೆಯ ಮಾತಿಗೂ ವಿಜಯಪುರದ ಮಾತಿಗೂ ಇರುವ ವ್ಯತ್ಯಾಸಕ್ಕೆ ಹೆದರಿ 'ಶುದ್ಧ' ಲಂಬಾಣಿ ಹುಡುಕಲು ಹೋಗುವುದು ದೊಡ್ಡ ತಪ್ಪು. ಸಮಿತಿಯ ವಿದ್ವಾಂಸರು ಹಿಂದಿ, ಸಂಸ್ಕೃತದ ಪದಗಳನ್ನು ತಂದು ತುಂಬುತ್ತಾರೆ, ಮಗುವಿಗೆ ಅದು ಮತ್ತೊಂದು ಗರಗಸವಾಗುತ್ತದೆ. ಕರಡನ್ನು ತಾಂಡಾದ ಹತ್ತು ಜನ ತಾಯಂದಿರ ಮುಂದೆ ಓದಿ, ಅವರು ನಕ್ಕ ಕಡೆ ಪೆನ್ಸಿಲ್ ಗುರುತು ಹಾಕಿಕೊಂಡರೆ ಸಮಿತಿಯ ಆರು ತಿಂಗಳ ಕೆಲಸ ಎರಡು ಮಧ್ಯಾಹ್ನದಲ್ಲಿ ಮುಗಿಯುತ್ತದೆ.

ಒಂದು ವರ್ಷಕ್ಕೆ ಬೇಕಾದ ಸಾಮಗ್ರಿ ಅಂಥ ಹೊರೆಯೇನಲ್ಲ: ಎಲ್ಲರಿಗೂ ಕಾಣುವಂತೆ ಹಿಡಿದು ಓದುವ ದೊಡ್ಡ ಪುಸ್ತಕ 12, ಮಕ್ಕಳೇ ಓದಿಕೊಳ್ಳುವ ಎಂಟು ಪುಟದ ಕಥೆಗಳು 40, ಹಬ್ಬ-ಕೃಷಿ-ಸಂತೆಯ ಚಿತ್ರಪಟ 10, ಮತ್ತು ಬದಲಾಯಿಸಿದ ನಲಿಕಲಿ ಕಾರ್ಡುಗಳ ಒಂದು ಸೆಟ್. ಈ ಕಥೆಗಳು ತಾಂಡಾದಲ್ಲೇ ಇವೆ. ಡಯಟ್‌ನಲ್ಲಿ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ) ಎರಡು ವಾರದ ಕಾರ್ಯಾಗಾರ ಮಾಡಿ ಹಿರಿಯರನ್ನು ಕರೆಸಿದರೆ ಬೇಕಾದ್ದಕ್ಕಿಂತ ಹೆಚ್ಚೇ ಸಿಗುತ್ತವೆ. ಪುಸ್ತಕ ಜೂನ್‌ಗೆ ಶಾಲೆ ತಲುಪಬೇಕು. ದಸರಾ ಕಳೆದು ಬರುವ ಪುಸ್ತಕ ಗೋಡೌನಿಗೆ ಮಾತ್ರ ಉಪಯೋಗ.

ಸಮಯದ ಹಂಚಿಕೆ ಹೀಗಿರಲಿ. ಒಂದನೇ ತರಗತಿಯಲ್ಲಿ ಕಥೆ, ಗಣಿತ, ಪರಿಸರ ಲಂಬಾಣಿಯಲ್ಲಿ; ಮೊದಲ ದಿನದಿಂದಲೇ ನಿತ್ಯ 40 ನಿಮಿಷ ಕನ್ನಡ, ಆದರೆ ಕೇವಲ ಕೇಳುವುದು, ಮಾಡುವುದು, ಮಾತಾಡುವುದು: ನಿಲ್ಲು, ಬಾಗಿಲು ತೆರೆ, ಕೆಂಪು ಚೆಂಡು ಕೊಡು. ಈ ಅವಧಿಯಲ್ಲಿ ಅಕ್ಷರವಿಲ್ಲ. ಎರಡನೇ ತರಗತಿಯಲ್ಲಿ ಕನ್ನಡ ಓದು ಆರಂಭ, ಅವಧಿ ಎರಡಕ್ಕೆ ಏರಿಕೆ. ಮೂರನೇ ತರಗತಿಗೆ ಕನ್ನಡ ಮುಖ್ಯ, ವಿವರಣೆಗೆ ಲಂಬಾಣಿ. ಅಲ್ಲಿಗೆ ನಿಲ್ಲಿಸದೆ ಐದರವರೆಗೆ ವಾರಕ್ಕೆ ಮೂರು ಅವಧಿಯಾದರೂ ಲಂಬಾಣಿ ಓದು-ಬರಹ ಉಳಿಯಲಿ. ರಾಷ್ಟ್ರೀಯ ಶಿಕ್ಷಣ ನೀತಿ 2020 ಕೂಡ ಕನಿಷ್ಠ ಐದರವರೆಗೆ ಎಂದೇ ಹೇಳುತ್ತದೆ. ಇಂಗ್ಲಿಷ್ ಈಗ ಇರುವಂತೆಯೇ ಒಂದರಿಂದ ಇರಲಿ. ಅದನ್ನು ಮುಟ್ಟಿದ ದಿನ ಪೋಷಕರು ಕೈಬಿಡುತ್ತಾರೆ. ಮಾತೃಭಾಷಾ ಮಾಧ್ಯಮವನ್ನು ಹೇರುವಂತಿಲ್ಲ ಎಂದು 2014ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ನಮ್ಮ ರಾಜ್ಯದ ಪ್ರಕರಣದಲ್ಲೇ ಹೇಳಿದೆ. ಆದ್ದರಿಂದ ಪೋಷಕರ ಒಪ್ಪಿಗೆ ಬೇಕು. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಪೋಷಕರನ್ನು ಒಪ್ಪಿಸಲು ಭಾಷಣ ಬೇಡ. ಒಂದೇ ಮಗುವಿನಿಂದ ಒಂದು ಲಂಬಾಣಿ ಕಥೆ, ಒಂದು ಕನ್ನಡ ಕಥೆ ಓದಿಸಿ, ಎರಡರ ಮೇಲೂ ಪ್ರಶ್ನೆ ಕೇಳಿ. ಉಳಿದದ್ದು ಅವರಿಗೇ ಕಾಣುತ್ತದೆ.

ಶಿಕ್ಷಕರ ಪ್ರಶ್ನೆ ಎಲ್ಲಕ್ಕಿಂತ ಕಠಿಣ. ಒಡಿಶಾ 2006-07ರ ಹೊತ್ತಿಗೆ ಹತ್ತು ಆದಿವಾಸಿ ಭಾಷೆಗಳಲ್ಲಿ ಆರಂಭಿಸಿ ಮುಂದೆ 21ಕ್ಕೆ ವಿಸ್ತರಿಸಿದಾಗ ಆಯಾ ಭಾಷೆ ಬಲ್ಲವರನ್ನೇ ಶಿಕ್ಷಕರಾಗಿ ತೆಗೆದುಕೊಂಡಿತು. ನಮ್ಮಲ್ಲಿ ಲಂಬಾಣಿ ಬಲ್ಲ ಶಿಕ್ಷಕರಿಗೆ ಕೊರತೆಯಿಲ್ಲ, ಅವರು ತಾಂಡಾ ಶಾಲೆಯಲ್ಲಿ ಇಲ್ಲ, ಅಷ್ಟೆ. ವರ್ಗಾವಣೆ ಕೌನ್ಸೆಲಿಂಗಿನಲ್ಲಿ ಭಾಷೆಗೆ ಅಂಕವಿಲ್ಲದ್ದೇ ಇದಕ್ಕೆ ಕಾರಣ. ಗುರುತಿಸಿದ ಶಾಲೆಗಳ ನಲಿಕಲಿ ಹುದ್ದೆಗೆ 'ಲಂಬಾಣಿ ಬಲ್ಲವರು' ಎಂಬ ಷರತ್ತು ಹಾಕಿ, ಮೂರು ವರ್ಷ ವರ್ಗಾವಣೆ ಬೇಡ. ಸಿಗದ ಕಡೆ ಅತಿಥಿ ಶಿಕ್ಷಕರ ನೇಮಕದಲ್ಲಿ ತಾಂಡಾದ ಓದಿದ ಹೆಣ್ಣುಮಕ್ಕಳಿಗೆ ಆದ್ಯತೆ ಕೊಡಿ. ಭಾಷೆ ಬಂದ ಮಾತ್ರಕ್ಕೆ ಕಲಿಸಲು ಬರುತ್ತದೆ ಎಂದಲ್ಲ. ಆರಂಭಕ್ಕೆ ಹತ್ತು ದಿನ, ಆಮೇಲೆ ತಿಂಗಳಿಗೊಂದು ದಿನ ಕ್ಲಸ್ಟರಿನಲ್ಲಿ ತರಬೇತಿ ಬೇಕು. ಕನ್ನಡವಷ್ಟೇ ಬಲ್ಲ ಶಿಕ್ಷಕರಿಗೂ ಲಂಬಾಣಿಯ ರಚನೆ ಸ್ವಲ್ಪ ತಿಳಿದಿರಲಿ. ಆ ಮಾತಿನಲ್ಲಿ ವಸ್ತುಗಳಿಗೂ ಗಂಡು-ಹೆಣ್ಣು ಎಂಬ ಲಿಂಗವುಂಟು. ಮಗು 'ಬಸ್ಸು ಬಂದ' ಎಂದರೆ ಅದು ದಡ್ಡತನವಲ್ಲ, ತನ್ನ ವ್ಯಾಕರಣವನ್ನು ಸರಿಯಾಗಿ ಬಳಸುತ್ತಿದೆ. ಇದು ತಿಳಿದ ಶಿಕ್ಷಕರು ಗದರುವ ಬದಲು ತಿದ್ದುತ್ತಾರೆ.

ದೀಪಾವಳಿ ಕಳೆದ ಮೇಲೆ ಕಬ್ಬು ಕಡಿಯಲು, ಕಟ್ಟಡ ಕೆಲಸಕ್ಕೆ ಗುಳೆ ಹೋಗುವ ಮನೆಗಳ ಮಕ್ಕಳು ತಿಂಗಳುಗಟ್ಟಲೆ ಬರುವುದಿಲ್ಲ. ತರಗತಿ ಪಾಠ ಮುಂದಕ್ಕೆ ಓಡಿರುತ್ತದೆ. ಬಿಟ್ಟ ಮೈಲಿಗಲ್ಲಿನಿಂದಲೇ ಮತ್ತೆ ಹತ್ತಬಹುದಾದ ನಲಿಕಲಿಯ ಏಣಿ ಇಲ್ಲಿ ವರವಿದ್ದಂತೆ; ಹೊಸ ಕಾರ್ಯಕ್ರಮಕ್ಕೆ ಬೇರೆಯೇ ಪಠ್ಯಪುಸ್ತಕ ಮಾಡಿ ಈ ಏಣಿ ಮುರಿಯಬೇಡಿ.

ಆತುರದ ಫಲ ಏನೆಂಬುದಕ್ಕೆ ಫಿಲಿಪ್ಪೀನ್ಸ್ ಇದೆ. 2009ರ ಆದೇಶದ ಬೆನ್ನಿಗೆ 2012ರಿಂದ ಇಡೀ ದೇಶದಲ್ಲಿ ಮೂರನೇ ತರಗತಿವರೆಗೆ ಮಾತೃಭಾಷೆಯನ್ನು ತಂದರು. ಹಲವು ಭಾಷೆಗಳಿಗೆ ಪುಸ್ತಕವೂ ನಿಘಂಟೂ ಸಿದ್ಧವಿರಲಿಲ್ಲ, ಬೆರೆತ ತರಗತಿಗಳಲ್ಲಿ ಯಾರ ಭಾಷೆ ಎಂಬ ಗೊಂದಲ ತೀರಲಿಲ್ಲ. 2024ರ ಅಕ್ಟೋಬರಿನಲ್ಲಿ ಕಾನೂನು ಮಾಡಿ ಕಡ್ಡಾಯವನ್ನು ತೆಗೆದರು. ಈಗ ಒಂದೇ ಮಾತಿನ ಮಕ್ಕಳಿರುವ ತರಗತಿಗಳಲ್ಲಿ ಮಾತ್ರ ಅವಕಾಶ. ಅವರು ಕೊನೆಗೆ ತಲುಪಿದ ಕಡೆಯಿಂದ ನಾವು ಶುರು ಮಾಡೋಣ.

ಪರೀಕ್ಷೆಯ ಬಗ್ಗೆ ಒಂದು ಮಾತು. ಲಂಬಾಣಿಯಲ್ಲಿ ಕಲಿಸಿ ಮೌಲ್ಯಮಾಪನವನ್ನು ಕನ್ನಡದಲ್ಲಿ ಮಾತ್ರ ಮಾಡಿದರೆ ಡಿಸೆಂಬರ್ ಹೊತ್ತಿಗೆ ಶಿಕ್ಷಕರೇ ಲಂಬಾಣಿ ಬಿಟ್ಟುಬಿಡುತ್ತಾರೆ, ಅವರನ್ನು ದೂರುವಂತೆಯೂ ಇಲ್ಲ. ಒಂದು, ಎರಡನೇ ತರಗತಿಯಲ್ಲಿ ಗಣಿತ, ಪರಿಸರದ ಪ್ರಶ್ನೆಯನ್ನು ಯಾವ ಭಾಷೆಯಲ್ಲಾದರೂ ಕೇಳಬಹುದು, ಮಗು ಯಾವ ಭಾಷೆಯಲ್ಲಾದರೂ ಉತ್ತರಿಸಬಹುದು ಎಂದು ಸುತ್ತೋಲೆಯಲ್ಲೇ ಬರೆಯಿರಿ.

ಈಗ ತಮ್ಮಿಂದ ಬೇಕಾಗಿರುವುದು ಮೂರು ಕಾಗದ: ಮುಂದಿನ ದಾಖಲಾತಿ ಆಂದೋಲನಕ್ಕೆ ಮೊದಲು ನಾಲ್ಕು ಪ್ರಶ್ನೆಗಳ ಸುತ್ತೋಲೆ, 100 ತಾಂಡಾ ಶಾಲೆಗಳಿಗೆ ಸಾಮಗ್ರಿ ಸಿದ್ಧಪಡಿಸಲು ಪಠ್ಯ, ತರಬೇತಿ ನೋಡಿಕೊಳ್ಳುವ ರಾಜ್ಯ ಸಂಸ್ಥೆಯಾದ ಡಿಎಸ್‌ಇಆರ್‌ಟಿಗೆ ಆದೇಶ, ಆ ಶಾಲೆಗಳ ಹುದ್ದೆಗಳಿಗೆ ಭಾಷಾ ಷರತ್ತಿನ ತಿದ್ದುಪಡಿ. ಅಕ್ಷರಗಳ ಕ್ರಮ, ಪದಪಟ್ಟಿ, ಮೊದಲ ಹತ್ತು ಕಥೆಗಳ ಕರಡು ನೋಡಬೇಕೆಂದರೆ ತಮ್ಮ ಕಚೇರಿ ಹೇಳಿದ ದಿನ ಬಂದು ಒಪ್ಪಿಸುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಬಹುಭಾಷಾ ತರಗತಿಗಳಿಗೆ ಪಠ್ಯ ಮತ್ತು ತರಬೇತಿ ಸಿದ್ಧಪಡಿಸುವ ಶಿಕ್ಷಕರು ಹಾಗೂ ಭಾಷಾ ಅಧ್ಯಯನಕಾರರು