ಕದಡಿದ ನೀರಿಗೆ ಕ್ಲೋರಿನ್ ಸಾಲದು

ಮಾನ್ಯ ಸಂಪಾದಕರೇ,

ಟ್ಯಾಂಕಿಗೆ ಕ್ಲೋರಿನ್ ಕೊಡುವ ಬ್ಲೀಚಿಂಗ್ ಪೌಡರ್ ಹಾಕಿದರೆ ನೀರು ಶುದ್ಧವಾಯಿತು ಎಂಬ ನಂಬಿಕೆ ಗಟ್ಟಿಯಾಗಿ ಬೇರೂರಿದೆ. ಕದಡಿದ ನೀರಿನ ಮಟ್ಟಿಗೆ ಅದು ತಪ್ಪು. ಮಣ್ಣಿನ ಕಣಗಳ ಮರೆಯಲ್ಲಿ ರೋಗಾಣುಗಳು ಉಳಿದುಕೊಳ್ಳುತ್ತವೆ. ಸಾವಯವ ಕಸ ಅರ್ಧ ಕ್ಲೋರಿನ್ನನ್ನು ತಾನೇ ನುಂಗಿದರೂ ಆಶ್ಚರ್ಯವಿಲ್ಲ.

ಮೊದಲು ಮಣ್ಣಿನ ಕಣಗಳನ್ನು ಗಂಟುಗಟ್ಟಿಸುವ ಆಲಂ (ಪಟಿಕ) ಬೆರೆಸಿ ಸುಮಾರು ಒಂದು ನಿಮಿಷ ರಭಸವಾಗಿ, ಆಮೇಲೆ 20–30 ನಿಮಿಷ ನಿಧಾನವಾಗಿ ಕಲಕಬೇಕು. ಈ ಎರಡನೇ ಹಂತದಲ್ಲಿ ಅವಸರಪಟ್ಟರೆ ಕಟ್ಟಿಕೊಂಡ ಗಂಟುಗಳು ಒಡೆದು, ತಳ ಸೇರದೆ ಮರಳು ಶೋಧಕದ ಸಂದುಗಳನ್ನು ಮುಚ್ಚಿಹಾಕುತ್ತವೆ. ಆಲಂ ಎಷ್ಟು ಎಂಬುದನ್ನು, ಅದೇ ನೀರಿನ ಹಲವು ಜಾರ್‌ಗಳಿಗೆ ಬೇರೆ ಬೇರೆ ಪ್ರಮಾಣ ಹಾಕಿ ನೋಡುವ ಜಾರ್ ಪರೀಕ್ಷೆಯೇ ಹೇಳಬೇಕು. ಮಳೆ ಸುರಿದ ಮರುದಿನ ನಿನ್ನೆಯ ಲೆಕ್ಕ ನಡೆಯದು. ಆಲಂ ನೀರಿನ ಕ್ಷಾರೀಯತೆಯನ್ನೂ (ಆಮ್ಲವನ್ನು ತಡೆದುಕೊಳ್ಳುವ ಗುಣ) ತಿನ್ನುತ್ತದೆ, ಅದು ಕಡಿಮೆ ಬಿದ್ದಾಗ ಸುಣ್ಣ ಬೇಕು.

ತಿಳಿಯಾಗಿಸಿ ಸೋಸಿದ ನೀರಿಗೆ ಕ್ಲೋರಿನ್ ಹಾಕಿ 30 ನಿಮಿಷ ಕಳೆದ ಮೇಲೂ ಲೀಟರಿಗೆ 0.5 ಮಿಲಿಗ್ರಾಂ ಮುಕ್ತ ಕ್ಲೋರಿನ್ (ಇನ್ನೂ ರೋಗಾಣು ಕೊಲ್ಲಬಲ್ಲದ್ದು) ಉಳಿದಿರಬೇಕು, ಕೊನೆಯ ನಲ್ಲಿಯಲ್ಲಿ ಕನಿಷ್ಠ 0.2. ನೀರಿನ ಆಮ್ಲ-ಕ್ಷಾರದ ಅಳತೆಯಾದ ಪಿಎಚ್ 8 ದಾಟಿದರೆ ಕ್ಲೋರಿನ್ನಿನ ಕಸುವು ಕುಗ್ಗುತ್ತದೆ. ಬಾಯಿ ತೆರೆದಿಟ್ಟ ಹಳೆಯ ಪೌಡರ್ ಚೀಲದಲ್ಲಿ ವಾಸನೆ ಇದ್ದೀತು, ಸತ್ವ ಇರದು. ಹಾಗಾಗಿ ಮೂಗನ್ನು ನಂಬದೆ, ನೀರಿನ ಬಣ್ಣ ಬದಲಿಸಿ ಕ್ಲೋರಿನ್ ತೋರಿಸುವ ಡಿಪಿಡಿ ಕಿಟ್‌ನಿಂದ ನಲ್ಲಿಯ ತುದಿಯಲ್ಲೇ ಅಳೆಯಬೇಕು. ಕ್ರಿಪ್ಟೊಸ್ಪೊರಿಡಿಯಂ ಪರೋಪಜೀವಿಯಂತೂ ಈ ಪ್ರಮಾಣದ ಕ್ಲೋರಿನ್ನಿಗೆ ಬಗ್ಗುವುದೇ ಇಲ್ಲ. ಅದಕ್ಕೆ ಒಳ್ಳೆಯ ಶೋಧಕವೋ ಅತಿನೇರಳೆ ಕಿರಣವೋ ಬೇಕು.

– ನೀರು ಶುದ್ಧೀಕರಣ ತಂತ್ರಜ್ಞರು