ಗೋಲ್ ಗುಂಬಜ್‌ಗೂ ಮೊದಲು ಜುಮ್ಮಾ ಮಸೀದಿ

ರಜೆಗೆ ಊರಿಗೆ ಹೊರಡುವವರ ಪಟ್ಟಿಯಲ್ಲಿ ವಿಜಯಪುರ ಅಂದರೆ ಗೋಲ್ ಗುಂಬಜ್, ಅಷ್ಟೇ. ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತುವುದು, ಗ್ಯಾಲರಿಯಲ್ಲಿ ನಿಂತು ಮಕ್ಕಳ ಹೆಸರು ಕೂಗುವುದು, ಇಳಿದು ಬಾದಾಮಿಯ ದಾರಿ ಹಿಡಿಯುವುದು. ಈ ಸಲ ಒಂದು ಬದಲಾವಣೆ ಮಾಡಿ ನೋಡಿ. ಗುಂಬಜ್‌ಗೆ ಹೋಗುವ ಮೊದಲು ಅಲ್ಲಿಂದ ಕಿಲೋಮೀಟರ್ ಆಸುಪಾಸಿನಲ್ಲೇ ಇರುವ ಜುಮ್ಮಾ ಮಸೀದಿಯಲ್ಲಿ ಒಂದು ತಾಸು ಕಳೆಯಿರಿ. ಗುಂಬಜ್ ಬಿದ್ದುಹೋಗದೆ ಹೇಗೆ ನಿಂತಿದೆ ಎಂಬ ಲೆಕ್ಕವನ್ನು ಕಣ್ಣಿಗೆಟುಕುವ ಎತ್ತರದಲ್ಲಿ ಬಿಡಿಸಿಟ್ಟಿರುವುದು ಇಲ್ಲಿ.

ಕಟ್ಟಿಸಿದವನು ವಿಜಯಪುರವನ್ನು ಆಳಿದ ಸುಲ್ತಾನ ಒಂದನೇ ಅಲಿ ಆದಿಲ್ ಶಾಹ. 1565ರ ತಾಳಿಕೋಟೆ ಕಾಳಗ ಮುಗಿದಿತ್ತು, ವಿಜಯನಗರದ ಸೋಲಿನಿಂದ ಬೊಕ್ಕಸ ತುಂಬಿತ್ತು, ಊರಿನ ಸುತ್ತ ಕೋಟೆಗೋಡೆ ಎದ್ದಿತ್ತು. ಆಮೇಲೆ ಕೈಹಾಕಿದ್ದು ಈ ಮಸೀದಿಗೆ. ಅಂಗಳವೂ ಸೇರಿ ಸುಮಾರು 10,810 ಚದರ ಮೀಟರ್ ಜಾಗ. 1580ರಲ್ಲಿ ಅಲಿ ತೀರಿಕೊಂಡ. ಮುಂದಿನವರು ಅಷ್ಟಿಷ್ಟು ಸೇರಿಸಿದರೂ ಪೂರ್ವದ ಎರಡು ಮೂಲೆಗಳಲ್ಲಿ ಬರಬೇಕಿದ್ದ ಮಿನಾರುಗಳು ಇವತ್ತಿಗೂ ಬಂದಿಲ್ಲ. ಹಾಗೆ ನೋಡಿದರೆ ಇದು ಮುಗಿಯದ ಕಟ್ಟಡ. ಆದರೂ ಆದಿಲ್ ಶಾಹಿಗಳು ಕಟ್ಟಿದ್ದರಲ್ಲಿ ಅಳತೆ ತಪ್ಪದ ಕಟ್ಟಡ ಯಾವುದೆಂದು ಕೇಳಿದರೆ ನಮ್ಮ ಬೆರಳು ಇದರತ್ತಲೇ ಹೋಗುತ್ತದೆ. ಇದೇ ಊರಿನ ಇನ್ನೊಂದು ಹೆಸರಾಂತ ಗೋರಿ ಕಟ್ಟಡ ಇಬ್ರಾಹಿಂ ರೋಜಾದ ಅಭಿಮಾನಿಗಳು ಜಗಳಕ್ಕೆ ಬಂದರೆ ಬರಲಿ.

ಅಂಗಳದಲ್ಲಿ ನಿಂತು ಪಶ್ಚಿಮಕ್ಕೆ ಮುಖ ಮಾಡಿದರೆ ಎದುರಿಗೆ ಒಂಬತ್ತು ಕಮಾನು. ನಡುವಿನದಕ್ಕೆ ಮಾತ್ರ ಅಂಚಿನಲ್ಲಿ ದಳದಳವಾಗಿ ಕೊರೆದ ಅಲಂಕಾರ, ಉಳಿದ ಎಂಟೂ ಸಾದಾ. ಮೇಲೆ ಕಲ್ಲಿನ ಅಗಲ ಛಜ್ಜಾ, ಅಂದರೆ ಹೊರಚಾಚಿದ ಸೂರು. ಪ್ರಾರ್ಥನಾ ಮಂದಿರ ಉದ್ದಕ್ಕೆ ಒಂಬತ್ತು, ಆಳಕ್ಕೆ ಐದು ಅಂಕಣ, ಅಂದರೆ 45 ಚೌಕಗಳ ಲೆಕ್ಕ. ಬಹುಪಾಲು ಚೌಕಗಳ ಮೇಲೆ ತಗ್ಗಾದ ಪುಟ್ಟ ಗುಮ್ಮಟಗಳಿವೆ. ಅವು ಮಾಳಿಗೆಯ ದಪ್ಪದಲ್ಲೇ ಅಡಗಿಹೋಗಿರುವುದರಿಂದ ಹೊರಗಿನವರಿಗೆ ಕಾಣುವುದು ಚಪ್ಪಟೆ ಮಾಳಿಗೆ ಮತ್ತು ಒಂದೇ ಒಂದು ದೊಡ್ಡ ಗುಮ್ಮಟ.

ಆ ದೊಡ್ಡ ಗುಮ್ಮಟದ ಕೆಳಗೆ ಹೋಗಿ ನಿಲ್ಲಿ. ನಡುವಿನ ಜಾಗವನ್ನು ಬಯಲು ಮಾಡಲು ಅಲ್ಲಿನ ನಾಲ್ಕು ಕಂಬಗಳನ್ನು ಕೈಬಿಟ್ಟಿದ್ದಾರೆ. ಉಳಿದದ್ದು ಬದಿಗೆ ಸುಮಾರು 70 ಅಡಿಯ ಚೌಕ, ಸುತ್ತ ಹನ್ನೆರಡು ಕಂಬ: ಮೂಲೆಗೊಂದರಂತೆ ನಾಲ್ಕು, ಪ್ರತಿ ಬದಿಯ ನಡುವೆ ಎರಡೆರಡು. ಗುಮ್ಮಟದ ವ್ಯಾಸ 57 ಅಡಿ. ಚೌಕದ ಮೇಲೆ ದುಂಡಗಿನದನ್ನು ಕೂರಿಸುವುದು ಹೇಗೆ? ರಂಗೋಲಿ ಹಾಕುವವರಿಗೆ ಇದು ಬೇಗ ಹೊಳೆಯುತ್ತದೆ. ಒಂದು ಚೌಕ ಬರೆದು, ಅದರ ಮೇಲೆ ಇನ್ನೊಂದನ್ನು ಓರೆಯಾಗಿ ತಿರುಗಿಸಿ ಬರೆದರೆ ಎಂಟು ಮೂಲೆಯ ನಕ್ಷತ್ರ ಬರುತ್ತದಲ್ಲ, ಅದೇ ಇಲ್ಲಿ ಕಲ್ಲಿನಲ್ಲಿದೆ. ಮೂಲೆಯ ಕಂಬಗಳನ್ನು ಬಿಟ್ಟು ಉಳಿದ ಎಂಟು ಕಂಬಗಳನ್ನು ಹಿಡಿಯಿರಿ. ಪ್ರತಿ ಕಂಬದಿಂದ ಎರಡೆರಡು ಕಮಾನು ಹೊರಟು, ಒಂದನ್ನೊಂದು ಅಡ್ಡಹಾಯ್ದು ಆಚೆಯ ಕಂಬ ಸೇರುತ್ತವೆ. ಒಂದೊಂದು ಕಮಾನಿಗೂ ಎರಡು ತುದಿ, ಹಾಗಾಗಿ ಒಟ್ಟು ಎಂಟು ಕಮಾನು. ಅವುಗಳ ನಡುವೆ ಉಳಿಯುವುದು ಅಷ್ಟಕೋನ. ಆ ಅಷ್ಟಕೋನದ ಮೇಲೆ ಗುಮ್ಮಟ.

ಚಂದಕ್ಕಷ್ಟೇ ಮಾಡಿದ್ದಲ್ಲ ಇದು. ಯಾವ ಗುಮ್ಮಟವಾದರೂ ತನ್ನ ಬುಡವನ್ನು ಹೊರಕ್ಕೆ ತಳ್ಳುತ್ತದೆ. ತಡೆ ಸಿಗದಿದ್ದರೆ ಬುಡ ಅಗಲವಾಗಿ ನೆತ್ತಿ ಬಿರಿಯುತ್ತದೆ. ಇಲ್ಲಿ ಕಮಾನುಗಳ ನಡುವೆ ತುಂಬಿದ ಗಾರೆಕಲ್ಲಿನ ರಾಶಿ ಒಳಗಡೆಗೆ ಬಾಗಿ ಚಾಚಿಕೊಂಡಿದೆ. ಅದರ ಭಾರ ಒಳಕ್ಕೆ ಎಳೆಯುತ್ತದೆ, ಗುಮ್ಮಟ ಹೊರಕ್ಕೆ ತಳ್ಳುತ್ತದೆ, ಎರಡೂ ಬಹುಮಟ್ಟಿಗೆ ಸರಿದೂಗುತ್ತವೆ. ಗೋಲ್ ಗುಂಬಜ್‌ನಲ್ಲೂ ಇದೇ ಕಟ್ಟು. ಅಲ್ಲಿ ಚೌಕದ ಬದಿ 135 ಅಡಿ ಮೀರಿದ್ದು, ಕಮಾನುಗಳು ಅದನ್ನು 97 ಅಡಿಗೆ ಇಳಿಸಿಕೊಡುತ್ತವೆ. ಅಷ್ಟೆತ್ತರದಲ್ಲಿ ಕಣ್ಣಿಗೆ ಹಿಡಿಯದ ಕಮಾನಿನ ಹೆಣಿಗೆ ಮಸೀದಿಯಲ್ಲಿ ಒಂದೊಂದಾಗಿ ಎಣಿಸಲು ಸಿಗುತ್ತದೆ. ಇಲ್ಲಿ ಎಣಿಸಿ ಅಲ್ಲಿ ಹೋದರೆ ಮಕ್ಕಳು ಕೂಗುವುದನ್ನು ಬಿಟ್ಟು ಮೇಲೆ ನೋಡಿಯಾರು.

ಪಶ್ಚಿಮ ಗೋಡೆಯ ಮಿಹ್ರಾಬ್, ಅಂದರೆ ನಮಾಜಿನ ದಿಕ್ಕು ತೋರುವ ಗೂಡು, ಅದರ ಅಲಂಕಾರ ಕಟ್ಟಡಕ್ಕಿಂತ ಈಚಿನದು. ಮಹಮ್ಮದ್ ಆದಿಲ್ ಶಾಹನ ಕಾಲದಲ್ಲಿ, 1636ರಲ್ಲಿ, ಮಲಿಕ್ ಯಾಕೂತ್ ಎಂಬವನು ಚಿನ್ನದ ಬಣ್ಣ ಬಳಿಸಿ ಬರೆಸಿದ್ದು. ಗೂಡಿನಲ್ಲಿಟ್ಟ ಪುಸ್ತಕ, ಹೂದಾನಿ, ಮಿನಾರು ಎಲ್ಲ ಚಿತ್ರದಲ್ಲೇ ಇವೆ. ಬದುಕು ಕ್ಷಣಿಕ, ಅದನ್ನು ನಂಬಬೇಡ ಎಂಬ ಅರ್ಥದ ಸಾಲುಗಳೂ ಇವೆ. ಉಳಿದ ಒಳಭಾಗವೆಲ್ಲ ಬಿಳಿ ಗಚ್ಚು. ನಮ್ಮ ರುಚಿಗೆ ಆ ಬಿಳುಪೇ ಹೆಚ್ಚು. ನೆಲದ ಮೇಲೆ ಕಪ್ಪು ಅಂಚಿನ ಚೌಕಗಳು ಕಾಣುತ್ತವೆ, ಒಬ್ಬೊಬ್ಬರ ನಮಾಜಿಗೆ ಒಂದೊಂದು, ಒಟ್ಟು 2,250. 1686ರಲ್ಲಿ ಊರು ಗೆದ್ದ ಔರಂಗಜೇಬ ಇಲ್ಲಿದ್ದ ಬೆಲೆಬಾಳುವ ಜಮಖಾನೆಗಳನ್ನು ಒಯ್ದು, ಬದಲಿಗೆ ಈ ಗೆರೆಗಳನ್ನು ಹಾಕಿಸಿಕೊಟ್ಟ ಎಂಬ ಮಾತು ಊರಲ್ಲಿದೆ.

ಹೋಗುವವರಿಗೆ ನಾಲ್ಕು ಮಾತು. ಇದು ನಮಾಜು ನಡೆಯುವ ಮಸೀದಿ, ಶುಕ್ರವಾರ ಮಧ್ಯಾಹ್ನ ಬೇಡ. ಅಂಗಳ ಪೂರ್ವಕ್ಕಿರುವುದರಿಂದ ಬೆಳಗಿನ ಬಿಸಿಲೇ ಕಮಾನುಗಳ ಮೂಲಕ ಒಳಗೆ ನುಗ್ಗುತ್ತದೆ. ಒಂಬತ್ತು ಗಂಟೆಯೊಳಗೆ ಹೋದರೆ ಕಮಾನುಗಳ ಅಂಚು ನೆರಳಿನಲ್ಲಿ ಎದ್ದು ಕಾಣುತ್ತದೆ. ಚಪ್ಪಲಿ ಬಿಡಬೇಕು, ಬೇಸಿಗೆಯ ಮಧ್ಯಾಹ್ನ ಅಂಗಳದ ಕಲ್ಲು ಕಾಲು ಸುಡುತ್ತದೆ. ತಲೆಗೊಂದು ಬಟ್ಟೆ ಜೊತೆಗಿರಲಿ. ಮಿಹ್ರಾಬ್‌ಗೆ ಪರದೆ ಎಳೆದಿದ್ದರೆ ಅಲ್ಲಿನವರನ್ನು ಕೇಳಿ, ನೀವೇ ಸರಿಸಬೇಡಿ.

ಕೊನೆಯದಾಗಿ, ಪರದೇಶದಿಂದ ಊರಿನ ಗುಡಿಗೋ ದರ್ಗಾಕ್ಕೋ ಹಣ ಕಳಿಸುವವರು ಗಮನಿಸಬೇಕಾದ ಸಂಗತಿ. ಜುಮ್ಮಾ ಮಸೀದಿ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. ಆದರೆ ಅದೇ ಕಪ್ಪುಗಲ್ಲು, ಅದೇ ಸುಣ್ಣದ ಗಾರೆಯಲ್ಲಿ ಕಟ್ಟಿದ ಸಣ್ಣಪುಟ್ಟ ಕಟ್ಟಡಗಳು ವಿಜಯಪುರದ ಸುತ್ತ ಎಷ್ಟೋ ಇವೆ, ಅವಕ್ಕೆ ರಿಪೇರಿ ಎಂದರೆ ಸಿಮೆಂಟು. ಸುಣ್ಣದ ಗಾರೆ ಉಸಿರಾಡುತ್ತದೆ, ಹೀರಿದ ನೀರನ್ನು ಬಿಟ್ಟುಕೊಡುತ್ತದೆ. ಸಿಮೆಂಟು ಬಿಟ್ಟುಕೊಡುವುದಿಲ್ಲ. ನೀರು ಗೋಡೆಯೊಳಗೇ ಉಳಿದು, ಉಪ್ಪು ಹೊತ್ತು ಪಕ್ಕದ ಹಳೆಯ ಗಾರೆಯತ್ತ ಹೋಗಿ, ಅದನ್ನು ಪುಡಿಪುಡಿ ಮಾಡುತ್ತದೆ. ನಾಲ್ಕಾರು ಮಳೆಗಾಲ ಕಳೆಯುವಷ್ಟರಲ್ಲಿ ತೇಪೆ ಗಟ್ಟಿಯಾಗಿಯೇ ಇರುತ್ತದೆ, ಅದರ ಸುತ್ತಲಿನದು ಉದುರಿರುತ್ತದೆ. ಮಾಳಿಗೆಯ ನೀರು ಹೋಗುವ ದೋಣಿ ಕಟ್ಟಿಕೊಂಡರೂ ಇದೇ ಗತಿ, ಜೊತೆಗೆ ಸಂದಿನಲ್ಲಿ ಅರಳಿ ಸಸಿ. ಹಾಗಾಗಿ ಚೆಕ್ ಬರೆಯುವ ಮೊದಲು ಮೂರು ಪ್ರಶ್ನೆ ಕೇಳಿ. ಸುಣ್ಣವನ್ನು ಎಷ್ಟು ದಿನ ನೆನೆಸಿ ಹದ ಮಾಡುತ್ತೀರಿ? ಒಂದು ಪಾಲು ಸುಣ್ಣಕ್ಕೆ ಮರಳು ಎರಡೋ ಮೂರೋ? ಬಳಿದ ಗಾರೆ ಬೇಗ ಒಣಗದಂತೆ ಒದ್ದೆ ಗೋಣಿಚೀಲ ಹೊದಿಸಿ ಕಾಯುವವರು ಯಾರು? ಮೂರಕ್ಕೂ ಉತ್ತರ ಬಂದ ಮೇಲೆ ಹಣ ಕಳಿಸಿದರಾಯಿತು.